ಭಾಮೈದ ಹಾಕಿದ್ದನ್ನೆಲ್ಲ ಕಿತ್ತ ಮೇಲೆ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 11

ಎಲೈ ನೆರೆದ ಸಭಿಕರೇ, ಎಡಕ್ಕಿರುವ ಮಾತ್ರೆ ಡಬ್ಬಿಗಳೇ, ಮೇಲೆ ಕಿರುಗುಟ್ಟುವ ಫ್ಯಾನೇ, ನಡುವೆ ಕೂತ ಕಂಪ್ಯೂಟರೆಂಬ ಪಾಪಿಯೇ, ಕಿವಿಗೊಟ್ಟು ಕೇಳಿ! ಹೆಂಡತಿಯ ಬಲಗೈ ನೀವಿದ್ದಾಯಿತು, ಮಾತ್ರೆ ಕೊಟ್ಟಿದ್ದಾಯಿತು. ಶತ್ರುಸಂಹಾರವೂ ಆಯಿತು.

ಇವಳ ತಮ್ಮನನ್ನು ನಿನ್ನೆ ಮನೆಯಿಂದ ಹೊರಗೆ ಹಾಕಿದೆ. ಇವಳಿಗೆ ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳು. ಬೆರಳಿಗೆ ವ್ಯಾಯಾಮವಾಗಲೆಂದು ಫಿಜಿಯೋ ಡಾಕ್ಟರಮ್ಮ ಒಂದು ಹಳೆಯ ಆಟವನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರು — ನಾಲ್ಕು ಬೆರಳು, ನಾಲ್ಕು ಕೀ, ಬಂಡೆಗೆ ತಾಗದಂತೆ ದೋಣಿ ನಡೆಸಬೇಕು. ನಮ್ಮ ಲಿನಕ್ಸ್ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟವನು ಭಾಮೈದ. ಒಪ್ಪುತ್ತೇನೆ. ಮೊನ್ನೆ ಇವಳ ಉಂಗುರದ ಬೆರಳು ಮೊದಲ ಸಲ ಕೀ ಒತ್ತಿತು. ಅದನ್ನೂ ಒಪ್ಪುತ್ತೇನೆ. ಆದರೆ ಹಿಂದೆ ನಿಂತು ಹುರಿದುಂಬಿಸುತ್ತಿದ್ದ ನನಗೆ ಅವನು ಹೇಳಿದ್ದೇನು?

"ಭಾವ, ನೀವು ಸ್ವಲ್ಪ ಆಚೆ ಹೋಗಿ. ನಿಮ್ಮ ಗಂಟಲು ಕೇಳಿದ್ರೆ ಅಕ್ಕನ ಕೈ ಮುದುರ್ಕೊಳ್ಳುತ್ತೆ."

ಇಪ್ಪತ್ತು ವರ್ಷ ನಾಟಕದಲ್ಲಿ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸಿದ ಗಂಟಲು! ಬಾಗಿಲು ತೋರಿಸಿದೆ.

ಇಂದು ಅವನು ಕಂಪ್ಯೂಟರಿಗೆ ಹಾಕಿದ್ದ ಪ್ರತಿಯೊಂದು ಪ್ಯಾಕೇಜನ್ನೂ ತಾರೀಕು ನೋಡಿ ನೋಡಿ ಕಿತ್ತೆ. ತೊಂಬತ್ತೆರಡು ಹೆಸರು. ಇಷ್ಟೂ ತೆಗೆಯಲೇ ಎಂದು ಯಂತ್ರ ಕೇಳಿತು. ಎದ್ದು ನಿಂತು ಹೌದು ಎಂದೆ. ಆಟವನ್ನು ನಾಳೆ ನಾನೇ ಹಾಕುತ್ತೇನೆ.

ಮಾರ್ಚ್ 4, ಮಂಗಳವಾರ

ಆಟ ಹಾಕಿದೆ. ಪರದೆ ಮೇಲೇಳಲಿಲ್ಲ. ಕಪ್ಪು ಕಿಟಕಿಯಲ್ಲಿ ಒಂದೇ ಸಾಲು — ಲಿಬ್‌ಜಿಎಲ್ ಎಂಬ ಫೈಲು ಸಿಗಲಿಲ್ಲ. ಚಿತ್ರ ಬಿಡಿಸುವ ಲೈಬ್ರರಿಯಂತೆ ಅದು. ಅದಿಲ್ಲದೆ ನೀರೂ ಇಲ್ಲ, ದೋಣಿಯೂ ಇಲ್ಲ. ಹುಡುಕಿದರೆ... ಇದೆ! ಅದೇ ಹೆಸರು. ಕಣ್ಣೆದುರು ಇರುವುದನ್ನು ಇಲ್ಲವೆನ್ನುವ ಸುಳ್ಳುಬುರುಕ ಯಂತ್ರ. ಭಾಮೈದನದೇ ಕೈವಾಡ. ಹೋಗುವಾಗ ಏನೋ ಕೆಡಿಸಿ ಹೋಗಿದ್ದಾನೆ.

ಇವಳು ಕುರ್ಚಿಯಲ್ಲಿ ಕಾದು ಕಾದು, ಅವನಿಗೊಂದು ಫೋನ್ ಮಾಡಿ ಎಂದಳು. ಮೇಜು ಗುದ್ದಿದೆ.

ಮಾರ್ಚ್ 7, ಶುಕ್ರವಾರ

ಆ ಫೈಲನ್ನೇ ಕತ್ತು ಹಿಡಿದು ತಂದು ಆಟದ ಫೋಲ್ಡರಿನಲ್ಲಿ ಕೂರಿಸಿದೆ. ಈಗ ಹೊಸ ರಾಗ — ತಪ್ಪು ವರ್ಗದ ಫೈಲಂತೆ.

ಫೋರಮ್ಮಿನಲ್ಲಿ ಕೇಳಿದೆ. ಒಬ್ಬ ಪುಣ್ಯಾತ್ಮ ಬರೆದ: ಆಟ ಮೂವತ್ತೆರಡು ಬಿಟ್ಟಿನದು, ನಿಮ್ಮಲ್ಲಿರುವ ಫೈಲು ಅರವತ್ತನಾಲ್ಕರದು, ಹೆಸರು ಒಂದೇ, ಅಳತೆ ಬೇರೆ, ಮೂವತ್ತೆರಡರದನ್ನು ಪ್ರತ್ಯೇಕ ಹಾಕಿಕೊಳ್ಳಿ. ಅಷ್ಟಕ್ಕೇ ಬಿಡಬಾರದೆ? ಮೊದಲು ಓಡುತ್ತಿತ್ತು ಎನ್ನುತ್ತೀರಿ, ಇತ್ತೀಚೆಗೆ ಏನಾದರೂ ಕಿತ್ತಿರಾ, ಹಾಕಿದ್ದು ಕಿತ್ತಿದ್ದರ ದಾಖಲೆ ಇರುವ ಲಾಗ್ ನೋಡಿ ಎಂದೂ ಸೇರಿಸಿದ್ದ. ಅಧಿಕಪ್ರಸಂಗಿ. ನೋಡಲಿಲ್ಲ. ಅವನು ಹೇಳಿದ್ದನ್ನೂ ಮಾಡಲಿಲ್ಲ.

ಮಾರ್ಚ್ 13, ಗುರುವಾರ, ಸಂಜೆ 5

ಬೆಳಿಗ್ಗೆ ಡಾಕ್ಟರಮ್ಮನ ಫೋನ್. ಹತ್ತು ದಿನ ಬಿಟ್ಟಿದ್ದೀರಿ, ಇನ್ನೂ ಬಿಟ್ಟರೆ ಬಂದ ಬೆರಳೂ ಬಿಗಿದುಕೊಳ್ಳುತ್ತದೆ ಎಂದರು.

ಲಾಗ್ ನೋಡಿದೆ. ಮೂರನೇ ತಾರೀಕು, ಹತ್ತೂ ನಲವತ್ತು. ಕಿತ್ತವನ ಜಾಗದಲ್ಲಿ ನನ್ನ ಹೆಸರು. ಆ ತೊಂಬತ್ತೆರಡರಲ್ಲಿ ಮೂವತ್ತೆರಡು ಬಿಟ್ಟಿನ ಆ ಫೈಲೂ ಒಂದು. ಭಾಮೈದ ಏನೂ ಮಾಡಿರಲಿಲ್ಲ. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಮೂವತ್ತೆರಡರ ಪ್ಯಾಕೇಜುಗಳಿಗೆ ಮತ್ತೆ ದಾರಿ ಬಿಟ್ಟೆ. ಪಟ್ಟಿ ಹೊಸದು ಮಾಡಿದೆ. ಲಿಬ್‌ಜಿಎಲ್ ಹಾಕಿದೆ. ಡ್ರೈವರ್ ಇಲ್ಲವೆಂದಿತು, ಅದನ್ನೂ ಹಾಕಿದೆ. ಮೂರು ಗಂಟೆಗೆ ಪರದೆ ಎದ್ದಿತು — ನೀಲಿ ನೀರು, ದೋಣಿ! ನನ್ನ ಗರ್ಜನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.

ಇವಳನ್ನು ಕರೆತಂದು ಕೂರಿಸಿ, ಬಲಗೈಯನ್ನು ಕೀಗಳ ಮೇಲಿಟ್ಟೆ. ಅವಳು ಎಡಗೈಯಿಂದ ಅದನ್ನೆತ್ತಿ ಮಡಿಲಿಗೆ ಹಾಕಿಕೊಂಡಳು.

"ಒತ್ತೇ."

"ಒತ್ತಲ್ಲ."

"ನಿನ್ನ ಕೈ ಕಣೇ ಅದು."

"ಹೌದು, ನನ್ನ ಕೈ. ಕೀಳೋವಾಗ ನನ್ನನ್ನ ಕೇಳಿದ್ರಾ? ನೀವು ಹೌದು ಅಂದಿದ್ದು ಒಳಗೆ ಮಲಗಿದ್ದ ನನಗೂ ಕೇಳಿಸ್ತು ರೀ. ನೀವು ಗೆಲ್ಲೋದಕ್ಕೆ ನಾನು ಬೆರಳಾಡಿಸಲ್ಲ. ಅವನು ಬಂದು ಪಕ್ಕದಲ್ಲಿ ಕೂರಲಿ. ನೀವು ಹೊರಗಿರಿ. ಆಗ ಒತ್ತೀನಿ."

ದೋಣಿ ಬಂಡೆಗೆ ತಾಗಿತು. ಮತ್ತೆ ತಾನೇ ಹೊರಟಿತು, ಮತ್ತೆ ತಾಗಿತು. ಇಬ್ಬರೂ ನೋಡುತ್ತ ಕುಳಿತೆವು.

ಮಾರ್ಚ್ 14, ಶುಕ್ರವಾರ, ಸಂಜೆ 6

ಬಲಗೈಯಲ್ಲಿ ಲೋಟ ಹಿಡಿಯಲು ಹೋದಳು. ಜಾರಿತು. ನಾನು ಒರೆಸಲು ಬಗ್ಗಿದರೆ, ಬೇಡ, ಬಿಡಿ ಎಂದಳು.

ಸಭಿಕರೇ, ತೀರ್ಮಾನವಾಯಿತು. ನಾಳೆ ಬೆಳಿಗ್ಗೆ ಎಂಟಕ್ಕೆ, ಭಾಮೈದ ತನ್ನ ಗ್ಯಾರೇಜಿನ ಶಟರ್ ಎತ್ತುವ ಹೊತ್ತಿಗೆ, ಎದುರಿಗೆ ನಿಂತಿರುತ್ತೇನೆ. ಆ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿಯಲಿ. ಕಿತ್ತವನು ನಾನು ಎನ್ನುತ್ತೇನೆ. ಅವನ ಕೆಲಸದವರ ಮುಂದೆಯೇ. ಮೆಲ್ಲಗೆ ಹೇಳಬೇಕು... ಮಧ್ಯಾಹ್ನದಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದೆ, ಮೆಲ್ಲಗೆ ಬರುತ್ತಿಲ್ಲ. ಅವನು ಬಂದು ಕೂತರೆ ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲುತ್ತೇನೆ. ಏಳೂವರೆಗೆ ಹೊರಡಬೇಕು. ಮೊದಲ ಮಾತು ಏನೆಂದರೆ —