ನುಂಗಿದ ಸೀನುಗಳು

ಕುಶಾಲನಗರ
12 ಮಾರ್ಚ್ 2025

ಪ್ರೀತಿಯ ದಿವ್ಯಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ನಾಪೋಕ್ಲು ಹಾಸ್ಟೆಲಿನ ಮಕ್ಕಳು ಈಗಲಾದರೂ ವಾರ್ಡನ್ ಆದ ನಿನ್ನ ಮಾತು ಕೇಳುತ್ತಾರಾ? ಇಲ್ಲಿ ಅಪ್ಪ, ಅಜ್ಜಿ ಆರಾಮಾಗಿದ್ದಾರೆ. ಫೋನ್ ಮಾಡಿದರೆ ಅಜ್ಜಿ ಸ್ಪೀಕರ್ ಹಾಕಿಸಿಕೊಂಡು ಕೂರುತ್ತಾರೆ, ಅದಕ್ಕೇ ಕಾಗದ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಬರಹ, ತಿದ್ದಿಕೊಂಡು ಓದು.

ಹೋದ ತಿಂಗಳು ಕೀರ್ತಿಕುಮಾರ್ ಮನೆಯವರು ನಿನ್ನನ್ನು ನೋಡಲು ಬಂದಾಗ ಮಾತು ಮುರಿದದ್ದು ನನ್ನ ಮೂಗಿನಿಂದ. ನೀನು ಅಡುಗೆಮನೆಯಲ್ಲಿದ್ದೆ. ತಾಂಬೂಲಕ್ಕೆ ಹುಡುಗನ ಅಪ್ಪ ಕೈ ಚಾಚಿದ್ದೇ ತಡ, ನಾನು ಸೀನಿಬಿಟ್ಟೆ. "ಒಂಟಿ ಸೀನು, ಇವತ್ತು ಬ್ಯಾಡ" ಎಂದರು ಅಜ್ಜಿ. ಬಂದವರು ಕೇಸರಿಬಾತ್ ಮುಗಿಸಿ ಹೊರಟೇ ಹೋದರು. ಆದರೆ ಅದು ಒಂಟಿಯಲ್ಲ ಅಕ್ಕಾ. ಹಿಂದೆಯೇ ಇನ್ನೂ ಐದು ಬಂದವು. ದೊಡ್ಡವರ ಮುಂದೆ ಚೆನ್ನಾಗಿರುವುದಿಲ್ಲವೆಂದು ಮೂಗು ಹಿಡಿದು ನುಂಗಿದೆ. ಕಣ್ಣಲ್ಲಿ ನೀರು ಬಂತು. "ಅಕ್ಕ ಹೋಯ್ತಾಳೆ ಅಂತ ಅಳ್ತಾವ್ನೆ ಪಾಪ" ಎಂದು ಹುಡುಗನ ಅಮ್ಮ ಮರುಗಿದರು.

ಆಮೇಲೆ ಮೂಗು ತೋರಿಸಲು ಆಸ್ಪತ್ರೆಗೆ ಹೋದೆ. ಡಾಕ್ಟರ್ ಟಾರ್ಚ್ ಹಾಕಿ ನೋಡಿ, ಇದು ನೆಗಡಿಯಲ್ಲ, ಮೂಗಿನ ಅಲರ್ಜಿ ಎಂದರು. ವರ್ಷವಿಡೀ ಕಾಡುವುದು ಹಾಸಿಗೆ ಧೂಳಿನಲ್ಲಿರುವ, ಕಣ್ಣಿಗೆ ಕಾಣದ ಹುಳ. ಹೂ ಬಿಡುವ ಕಾಲದಲ್ಲಿ ಪರಾಗವೂ ಸೇರಿ ಜೋರಾಗುತ್ತದಂತೆ. ವಾರಕ್ಕೊಮ್ಮೆ ಹೊದಿಕೆ, ದಿಂಬಿನ ಚೀಲ ಬಿಸಿನೀರಲ್ಲಿ ಒಗೆಯಬೇಕು. ಸ್ಪ್ರೇ ಕೊಟ್ಟಿದ್ದಾರೆ. ಮೊದಲ ದಿನ ತಲೆ ಹಿಂದಕ್ಕೆ ಎತ್ತಿ ಜೋರಾಗಿ ಎಳೆದು ಗಂಟಲೆಲ್ಲ ಕಹಿ. ತಲೆ ತುಸು ಬಗ್ಗಿಸಿ, ತುದಿಯನ್ನು ಕಿವಿಯ ಕಡೆಗೆ ತಿರುಗಿಸಿ, ಮೆಲ್ಲಗೆ ಎಳೆಯಬೇಕಂತೆ. ದಿನಾ ತಪ್ಪದೆ ಹಾಕಿದ ಮೇಲೆ ವಾರ ಕಳೆದು ಗುಣ ಕಂಡಿತು. ಹುಳ ಎಂದದ್ದಕ್ಕೆ ಮಾತ್ರ ಅಜ್ಜಿ ಎರಡು ದಿನ ಮಾತು ಬಿಟ್ಟರು. "ನಾನು ಒಣಗಿಸಿದ ಹಾಸಿಗೇಲಿ ಹುಳವಾ? ಆ ಡಾಕ್ಟರ್ ತನ್ನ ಮನೇಲಿ ನೋಡ್ಕಳ್ಳಿ."

ಅಲರ್ಜಿಯ ಸೀನು ಸಾಮಾನ್ಯವಾಗಿ ಸಾಲಾಗಿ ಬರುತ್ತದೆ ಎಂದೂ ಡಾಕ್ಟರ್ ಹೇಳಿದ್ದರು. ಅದನ್ನು ಅಜ್ಜಿಗೆ ಹೇಳಿ, ಅವತ್ತು ನುಂಗಿದ್ದನ್ನೂ ಒಪ್ಪಿಕೊಂಡೆ. ಅಜ್ಜಿ ಎಲೆಅಡಿಕೆ ಮುಗಿಯುವವರೆಗೆ ಯೋಚಿಸಿದರು. "ಒಳಗೇ ಸೀನಿದ್ರೂ ಸೀನೇ ಕಣ್ಲಾ. ಎರಡಾದ್ಮೇಲೆ ದೋಷ ಎಲ್ಲೈತೆ?" ಎಂದು ತಾವೇ ಹುಡುಗನ ಮನೆಗೆ ಫೋನ್ ಮಾಡಿದರು.

ಇಲ್ಲಿ ಅಜ್ಜಿಯ ಆಶೀರ್ವಾದ ಬರೆಯಬೇಕು. ಅವರನ್ನು ಕೇಳಿಲ್ಲ, ಹಾಗಾಗಿ ನನ್ನ ನಮಸ್ಕಾರ ಮಾತ್ರ.

ನಿನ್ನ ತಮ್ಮ,
ನಂದೀಶ್

ಮರೆತಿದ್ದೆ: 23ನೇ ತಾರೀಕು ಭಾನುವಾರ ಕೀರ್ತಿಕುಮಾರ್ ಮನೆಯವರು ಮತ್ತೆ ಬರುತ್ತಾರೆ. ಈ ಒಂಟಿ, ಜೋಡಿಯ ಗಲಾಟೆಯಲ್ಲಿ ಹುಡುಗ ನಿನಗೆ ಇಷ್ಟವಾ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ಸಾಲು ಬರೆ. ಬೇಡವೆಂದರೆ ಈ ಸಲ ಮೂಗಿನಿಂದಲ್ಲ, ಬಾಯಿಂದಲೇ ಹೇಳುತ್ತೇನೆ.