ರೇಡಿಯೋ ಅಕ್ಕ ಓದಿದ ಹೆಸರು

ಸವಣೂರು
11-3-1988

ನೀಲಪ್ಪನವರಿಗೆ ಯಂಕವ್ವನ ನಮಸ್ಕಾರ.

ಗಂಡನ ಹೆಸರು ಆಡಬಾರದೆಂದು ಅವ್ವ ಕಲಿಸಿದ್ದಳು. ಒಂಬತ್ತು ವರ್ಷ ಬೇರೆ ಇದ್ದ ಮೇಲೆ ಆ ಪಾಠ ಮರೆತಿದೆ. ಬರೆದಿದ್ದೇನೆ, ಸಿಟ್ಟಾಗಬೇಡಿರಿ.

ಹಾನಗಲ್ಲಿನಿಂದ ನೀವು ಹಾಕಿದ ಕಾಗದ ಮುಟ್ಟಿತು. ನಮ್ಮ ಏಸುಸ್ವಾಮಿಯ ರೇಡಿಯೋ ಸೇವೆಗೆ ಹನ್ನೆರಡು ವರ್ಷ ತುಂಬಿತು, ವಿಶೇಷ ಕಾರ್ಯಕ್ರಮ ಮಾಡುತ್ತೇವೆ, ಅದು ಶುರುವಾದ ಕಥೆಯನ್ನು ನೀನೇ ಬರೆದು ನಿನ್ನ ದನಿಯಲ್ಲೇ ಓದು ಎಂದು ಕೇಳಿದ್ದೀರಿ. ಆ ಅಕ್ಕ ಎಲ್ಲಿ ಹೋದಳು ಎಂದು ಕೇಳುಗರು ಈಗಲೂ ಬರೆಯುತ್ತಾರಂತೆ. ಬರುತ್ತೇನೆ. ಆದರೆ ನೀವು ಕೇಳಿದ ಕಥೆ ಓದಲು ಅಲ್ಲ. ಇದನ್ನು ಕುಂತು ಪೂರಾ ಓದಿರಿ.

ಶಿಗ್ಗಾಂವಿಯ ಆ ಬಾಡಿಗೆ ಮನೆ ನೆನಪಿದೆಯೇ? ಗೋಡೆಗೆ ಕಂಬಳಿ ಬಡಿದು, ಕಿಟಕಿಗೆ ಕೌದಿ ತುರುಕಿ, ಅದನ್ನೇ ಸ್ಟುಡಿಯೋ ಅಂದಿರಿ. ಮಗ್ಗುಲಲ್ಲೇ ಹಿಟ್ಟಿನ ಗಿರಣಿ. ಕರೆಂಟು ಹೋಗಿ ಗಿರಣಿ ನಿಂತಾಗಲೇ, ಸೆಲ್ಲು ಹಾಕಿದ ಟೇಪಿನ ಮುಂದೆ ಓಡಿಬಂದು ಕೂಡುತ್ತಿದ್ದೆವು. ಊರೆಲ್ಲ ಕರೆಂಟಿನವರಿಗೆ ಬಯ್ಯುವಾಗ ನೀವೊಬ್ಬರೇ ದೇವರಿಗೆ ಸ್ತೋತ್ರ ಹೇಳುತ್ತಿದ್ದಿರಿ. ಟೇಪು ಟಪಾಲಿನಲ್ಲಿ ಸಮುದ್ರದಾಚೆಯ ಕೇಂದ್ರಕ್ಕೆ ಹೋಗಬೇಕು. ಇಲ್ಲಿ ಆಡಿದ ಮಾತು ಮೂರು ತಿಂಗಳಿಗೆ, ಮಂಗಳವಾರ ಸಂಜೆ, ರೇಡಿಯೋದಲ್ಲಿ ತಿರುಗಿ ಬರಬೇಕು.

ಮೊದಲ ಟೇಪಿನ ದಿನವೇ ನನ್ನ ಹೆಸರು ತೆಗೆದಿರಿ. ‘ಯಂಕವ್ವ ಅಂದ್ರ ಕೇರಿ ಗೊತ್ತಾಗತೈತಿ. ಬರೇ ಅಕ್ಕ ಅಂತ ಇರ್ಲಿ, ಎಲ್ಲಾರ ಮನಿಯಾಗೂ ಕೇಳ್ಬೇಕು’ ಎಂದಿರಿ. ನೀವೂ ಅದೇ ಕೇರಿಯವರು. ನಾನೂ ಒಪ್ಪಿದೆ. ಕೇರಿಯ ಹೆಣ್ಣಿನ ದನಿ ಗೌಡರ ಪಡಸಾಲೆಗೆ ಹೋಗಬೇಕಾದರೆ ಹೆಸರನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಹೋಗಬೇಕು. ಏಸುಸ್ವಾಮಿಯ ರೇಡಿಯೋದಲ್ಲೂ ಅದೇ ರಿವಾಜು.

ಆದರೂ ಸುಳ್ಳು ಹೇಳಲಾರೆ. ಮೊದಲ ಮಂಗಳವಾರ ಹತ್ತಿಮತ್ತೂರಿನಲ್ಲಿ ನಮ್ಮ ಅಪ್ಪ ಗಿರಿಯಪ್ಪ ಟ್ರಾನ್ಸಿಸ್ಟರ್ ಇಸಗೊಂಡು ಬಂದು ಕೇರಿಯನ್ನೆಲ್ಲ ಕೂಡಿಸಿದ್ದ. ದನಿ ಒಮ್ಮೆ ಏಳುತ್ತಿತ್ತು, ಒಮ್ಮೆ ಅಡಗುತ್ತಿತ್ತು. ‘ನಮ್ಮ ಯಂಕಿ ಸಮುದ್ರದಾಗ ಮುಳುಗಿ ಏಳಾಕತ್ತಾಳ, ಯಾರರ ಹಗ್ಗಾ ಕೊಡ್ರಿ’ ಎಂದ ಅಪ್ಪ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಲ್ಲಿಯವರೆಗೆ ನಮ್ಮ ಕೇರಿಯ ದನಿ ದೊಡ್ಡ ಮನೆಗಳ ಹಿತ್ತಲಲ್ಲಿ ನಿಂತು ‘ಎವ್ವಾ, ನೀಡ್ರಿ’ ಎಂದಷ್ಟೇ ಕೂಗಿತ್ತು. ಅಂದು ಅದು ಒಳಗೆ ಕುಂತು ಮಾತಾಡಿತು. ಆ ಒಂದು ಸಂಜೆಯ ಉಪಕಾರ ನಾನು ಸಾಯುವ ತನಕ ಮರೆಯುವುದಿಲ್ಲ.

ಆಮೇಲೆ ಕಾರ್ಡುಗಳು ಬರತೊಡಗಿದವು. ಕಾರ್ಯಕ್ರಮದ ಕೊನೆಗೆ ಕೇಳುಗರ ಹೆಸರು, ಊರು ಓದುವುದು ನಮ್ಮ ಪದ್ಧತಿ. ರೇಡಿಯೋದಲ್ಲಿ ತಮ್ಮ ಹೆಸರು ಕೇಳಲು ಜನ ಮೂರು ತಿಂಗಳು ಕಾಯುತ್ತಿದ್ದರು.

ಎಪ್ಪತ್ತೆಂಟರ ಕೊನೆಗೆ ಗುತ್ತೆಪ್ಪನ ಕಾರ್ಡು ಬಂತು. ಹಿರೇಕೆರೂರು ತಾಲೂಕಿನ ಬೆಳವಲಕೊಪ್ಪದವನು, ಗೌಡರ ಹತ್ತಿ ಹೊಲದ ಕೂಲಿ. ಅಕ್ಷರ ಸೊಟ್ಟ, ಮಾತು ನೆಟ್ಟಗೆ. ‘ಅಕ್ಕಾರ, ಊರ ಬಾವಿಯಾಗ ನಮಗ ನೀರು ಸೇದಾಕ ಬಿಡವಲ್ರು. ನಮ್ಮ ಹೆಣ್ಮಕ್ಕಳು ಕೊಡಾ ಇಟ್ಟು, ಯಾರರ ಸುರುವ್ಯಾರು ಅಂತ ಮಟಮಟ ಮಧ್ಯಾಹ್ನದ ತನಕ ನಿಂದರತಾರ. ಏಸುಸ್ವಾಮಿ ಬಾವಿಕಟ್ಟಿ ಮ್ಯಾಲೆ ಕುಂತು, ಮುಟ್ಟಬಾರದ ಜಾತಿ ಹೆಂಗಸಿನ ಕೈಲೆ ನೀರು ಕೇಳಿದ ಅಂತ ನೀವು ಓದಿದ್ರಿ. ನಮ್ಮೂರಾಗ ಹಂಗ ಕೇಳೋರು ಯಾವಾಗ ಬರ್ತಾರ? ಪ್ರಾರ್ಥನಾ ಮಾಡ್ರಿ.’

ನೀವು ಕೆಂಪು ಪೆನ್ಸಿಲ್ ತೆಗೆದಿರಿ. ‘ಇದು ರಾಜಕೀಯ ಆಗತೈತಿ. ನಮ್ಮ ಕೆಲಸ ಆತ್ಮದ್ದು’ ಎಂದಿರಿ. ಬಾವಿ ಹೋಯಿತು, ಕೊಡ ಹೋಯಿತು, ಹೆಣ್ಣುಮಕ್ಕಳು ಹೋದರು. ಉಳಿದದ್ದು ಒಂದೇ ಸಾಲು: ‘ಬೆಳವಲಕೊಪ್ಪದ ಗುತ್ತೆಪ್ಪನವರು ನೀರಿಗಾಗಿ ಪ್ರಾರ್ಥಿಸಲು ಕೋರಿದ್ದಾರೆ.’ ನಾನು ಓದಿದೆ. ಹಿಂದೆಯೇ ನಾನು ಕಟ್ಟಿದ ಜೀವಜಲದ ಹಾಡು ಹಾಡಿದೆ. ಟೇಪು ಟಪಾಲಿಗೆ ಬಿತ್ತು.

ಮೂರು ತಿಂಗಳ ಮೇಲೆ ಅದನ್ನು ಬೆಳವಲಕೊಪ್ಪದ ಗೌಡರ ಪಡಸಾಲೆಯಲ್ಲೂ ಕೇಳಿದರು. ಊರಿನ ದೊಡ್ಡ ರೇಡಿಯೋ ಅಲ್ಲೇ ಇತ್ತು. ಮಾರನೆಯ ಮುಂಜಾನೆ ಗುತ್ತೆಪ್ಪನನ್ನು ಕರೆಸಿ, ‘ಊರ ಮರ್ಯಾದಿ ಸಮುದ್ರದಾಚೆ ಮಾರಿ ಬಂದಿಯೇನಲೇ’ ಎಂದು ಅವನ ಟ್ರಾನ್ಸಿಸ್ಟರನ್ನು ಕಲ್ಲಿಗೆ ಬಡಿದರು. ಕೇರಿಗೇ ಕೂಲಿ ಬಂದ್. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಎಂಟು ದಿನಕ್ಕೆ ಕೇರಿಯವರೇ ಕೈಮುಗಿದು ಅವನನ್ನು ಊರು ಬಿಡಿಸಿದರು.

ಗಂಟು ಹೊತ್ತು ಶಿಗ್ಗಾಂವಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತ. ‘ನೀವ ಏನ್ರಿ ಆ ಅಕ್ಕಾರು?’ ಎಂದ. ಹೌದೆಂದೆ. ‘ಹೆಸರು ಓದಿದ್ರಿ, ಬಾವಿ ಯಾಕ ಬಿಟ್ರಿ?’ ಎಂದ. ನೀವು ಒಳಗೆ ಮುಂದಿನ ವಾರದ ಟೇಪು ಸುತ್ತುತ್ತಿದ್ದಿರಿ. ಕೇಳಿಯೂ ಹೊರಗೆ ಬರಲಿಲ್ಲ.

ಆ ವಾರವೇ ನಾನು ಮನೆ ಬಿಟ್ಟೆ. ದಲಿತ ಸಂಘಟನೆಯವರ ಕೂಡ ಎಷ್ಟೋ ಊರಿನ ಬಾವಿಗೆ ನಡೆದೆ, ಲಾಠಿ ತಿಂದೆ. ಬಡವನ ಹಸಿವನ್ನು ಕತ್ತರಿಸಿ ಬರೀ ಪ್ರಾರ್ಥನೆ ಉಳಿಸುವ ಧರ್ಮ ಗೌಡನ ಧರ್ಮವೇ ಹೊರತು ಏಸುವಿನದಲ್ಲ ಎಂದು ಸಭೆ ಸಭೆಯಲ್ಲಿ ಕೂಗಿದೆ. ಇಂದಿಗೂ ಅದೇ ಮಾತು.

ಗುತ್ತೆಪ್ಪ ಈಗ ಇಲ್ಲೇ ಸವಣೂರಿನಲ್ಲಿ ಖಾದರಸಾಬರ ವೀಳ್ಯದೆಲೆ ತೋಟದಲ್ಲಿ ದುಡಿಯುತ್ತಾನೆ. ಮಂಗಳವಾರ ಸಂಜೆ ಬಳ್ಳಿ ಹಬ್ಬಿದ ಮರಕ್ಕೆ ಟ್ರಾನ್ಸಿಸ್ಟರ್ ತೂಗುಹಾಕಿ ನಿಮ್ಮ ಕಾರ್ಯಕ್ರಮವನ್ನೇ ಕೇಳುತ್ತಾನೆ. ‘ಬಂತಪಾ ಇಂವನ ಮಂಗಳವಾರ, ಇನ್ನ ಎಲಿ ತಾವ ಕೊಯ್ಕೋಬೇಕು’ ಎಂದು ಖಾದರಸಾಬರು ಬಯ್ದರೂ ತಾವೂ ಬಂದು ಕೂಡುತ್ತಾರೆ. ನಿನ್ನ ಮನೆ ಮುರಿದ ರೇಡಿಯೋ ಯಾಕೆ ಕೇಳುತ್ತೀ ಎಂದು ನಾನು ಹರಿಹಾಯ್ದೆ. ‘ತಪ್ಪಿದ್ದು ಓದಿದವರ ಬಾಯಿ ಅಕ್ಕಾರ. ಏಸುಸ್ವಾಮಿ ಮಾತೇನ ತಪ್ಪ ಮಾಡೇತ್ರಿ?’ ಎಂದ. ನಾನು ಹಾನಗಲ್ಲಿಗೆ ಬರಲು ಒಪ್ಪಿದ್ದು ನಿಮಗಾಗಿ ಅಲ್ಲ, ಆ ಮಾತಿಗಾಗಿ.

ಕರಾರು ಕೇಳಿರಿ. ಗುತ್ತೆಪ್ಪನ ಕಾರ್ಡನ್ನು ಪೂರಾ ಓದುತ್ತೇನೆ. ಬಾವಿ, ಕೊಡ, ಕೇರಿ ಎಲ್ಲವೂ ಇರಬೇಕು. ಪೆನ್ಸಿಲ್ ತಾಗಿದರೆ ನಡುವೆಯೇ ಎದ್ದು ಬರುತ್ತೇನೆ. ಇನ್ನೊಂದು. ಪ್ರಸಾರದ ತಾರೀಖು ಅವನಿಗೆ ಮೊದಲೇ ತಿಳಿಸಬೇಕು. ಹಿಂದಿನ ದಿನವೇ ಆಗಲಿ, ಅವನು ಬೇಡವೆಂದರೆ ಕೇಂದ್ರಕ್ಕೆ ತಾರು ಕೊಟ್ಟು ನಿಲ್ಲಿಸಬೇಕು.

ಆರೋಗ್ಯ ನೋಡಿಕೊಳ್ಳಿರಿ. ಈಚೆಗೆ ರೇಡಿಯೋದಲ್ಲಿ ನಿಮ್ಮ ಕೆಮ್ಮು ಕೇಳಿಸುತ್ತದೆ.

ಇಂತಿ,
ಹತ್ತಿಮತ್ತೂರ ಕೇರಿಯ
ಯಂಕವ್ವ

ತಾ.ಕ.: ಲಕೋಟೆಯಲ್ಲಿ ಎರಡು ಕಾರ್ಡು ಇವೆ. ಎರಡೂ ಗುತ್ತೆಪ್ಪನವೇ; ಎರಡನೆಯದನ್ನು ನೀವು ನೋಡಿಲ್ಲ. ಆ ಪ್ರಸಾರಕ್ಕೆ ಐದು ವಾರ ಮೊದಲು ನನ್ನ ಕೈಗೇ ಬಂದಿತ್ತು. ‘ಅಕ್ಕಾರ, ನನ್ನ ಹೆಸರು ಓದಬ್ಯಾಡ್ರಿ. ಗೌಡರ ಮನಿಯಾಗೂ ನಿಮ್ಮ ಹಾಡು ಕೇಳ್ತಾರಂತ ಈಗ ಗೊತ್ತಾತು.’ ಒಂದು ತಾರು ಕೊಟ್ಟಿದ್ದರೆ ನಿಲ್ಲುತ್ತಿತ್ತು. ಆದರೆ ಆ ಟೇಪಿನಲ್ಲಿ ನಾನು ಕಟ್ಟಿದ ಹಾಡಿತ್ತು. ಆ ಮಂಗಳವಾರ ಕೇಳಿರೆಂದು ಅಪ್ಪನಿಗೂ ಕೇರಿಗೂ ಹೇಳಿ ಬಂದಿದ್ದೆ. ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿದೆ. ಒಂಬತ್ತು ವರ್ಷ ನಿಮ್ಮ ಪೆನ್ಸಿಲನ್ನಷ್ಟೇ ಬಯ್ದೆ.

ಮೊನ್ನೆ ಗುತ್ತೆಪ್ಪನಿಗೆ ಹೇಳಿದೆ. ಎಲೆ ಕೊಯ್ಯುವ ಕೈ ನಿಂತಿತು. ಕೊಯ್ದ ಎಲೆಯನ್ನು ಬುಟ್ಟಿಗೆ ಹಾಕಿ, ‘ಅದನ್ನೂ ಓದ್ರಿ. ನನ್ನ ಹೆಸರು ಹೇಳ್ರಿ, ಊರ ಹೆಸರು ಹೇಳ್ರಿ. ಈ ಸಲ ನಿಮ್ಮ ಹೆಸರೂ ಹೇಳ್ರಿ’ ಎಂದ. ಅಕ್ಕಾರ ಎನ್ನಲಿಲ್ಲ.