ಖೀಮಾದ ಎಂಟು ಪೊಟ್ಟಣ

27 ಜುಲೈ 2003, ಭಾನುವಾರ

ಒಂದು ಕಿಲೋ ತರಲು ಹೇಳಿದರೆ ಸಂಜು ಮೂರು ಕಿಲೋ ಖೀಮಾ ತಂದ! ಗಂಡನಿಗೆ ಸಂತೆ ಒಪ್ಪಿಸಿದರೆ ಹೀಗೇ. “ಶ್ರಾವಣ ಬಂತಲ್ಲೇ, ಇನ್ನ ತಿಂಗಳತನಕಾ ಎಲ್ಲೀದು?” ಅಂತ ಹಲ್ಲು ಕಿರಿದ. ಒಂದು ಕಿಲೋ ಇವತ್ತೇ ಮುಗಿಯಿತು. ಉಳಿದ ಕೊಚ್ಚಿದ ಮಾಂಸವನ್ನು ಕಾಲು ಕಿಲೋದಂತೆ ಎಂಟು ಪೊಟ್ಟಣ ಮಾಡಿ, ರೊಟ್ಟಿಯ ಹಾಗೆ ತಟ್ಟಿ, ಮೇಲೆ ತಾರೀಖು ಬರೆದು ಫ್ರೀಜರ್‌ಗೆ ಹಾಕಿದೆ. ನಡುನಡುವೆ ಪೇಪರ್. ನನ್ನ ಸಂಬಳದ ಫ್ರಿಜ್, ನನ್ನ ಪದ್ಧತಿ.

3 ಆಗಸ್ಟ್, ಭಾನುವಾರ

ಅತ್ತೆಯ ರಗಳೆ. ನಾಳೆ ಮೊದಲ ಶ್ರಾವಣ ಸೋಮವಾರ.

“ಶಿವಗ ಏರಸೂ ಹಾಲು ಇಡೂದು ಫ್ರಿಜ್‌ನ್ಯಾಗ. ಖೀಮಾನೂ ಅದರಾಗ. ಒಗಿ ಅದನ್ನ.”

“ಅದಕ್ಕ ಬ್ಯಾರೆ ಬಾಗಲಾ ಅದ ರೀ ಅತ್ತಿ.”

ಎರಡು ಕಿಲೋ ಎಸೆಯಬೇಕಂತೆ! ಆಗುವುದಿಲ್ಲ ಅಂದೆ. ಎದ್ದು ದೇವರ ಕೋಣೆಗೆ ಹೋದಳು. ಗೆದ್ದೆ.

29 ಆಗಸ್ಟ್, ಶುಕ್ರವಾರ

ಶ್ರಾವಣ ಮುಗಿಯಿತು. ಆಫೀಸಿನಿಂದ ಬಂದವಳೇ ನಾಲ್ಕು ಪೊಟ್ಟಣ ತೆಗೆದೆ. ಅವಸರದಲ್ಲಿ ಸರಿಯಾಗಿ ನೋಡಲೂ ಇಲ್ಲ. ವಾಸನೆ ಒಂಚೂರು ಬೇರೆ ಅನ್ನಿಸಿತು... ಮಸಾಲೆ ಜಾಸ್ತಿ ಹಾಕಿದೆ. ಮಗಳು ಭಾಗ್ಯಾ ಎರಡು ಸಲ ಹಾಕಿಸಿಕೊಂಡಳು. ಅತ್ತೆ ಮುಟ್ಟಲಿಲ್ಲ, ಗಣಪತಿ ಆಗಲಿ ಅಂದಳು.

31 ಆಗಸ್ಟ್. ಆಸ್ಪತ್ರೆ

ಹೊರಗೆ ಗಣಪತಿ, ಢೋಲು-ತಾಶೆ. ಒಳಗೆ ನನ್ನ ಮಗಳ ಕೈಗೆ ಸಲೈನ್. ನಮಗಿಬ್ಬರಿಗೆ ಬರೀ ಹೊಟ್ಟೆನೋವು, ಅವಳಿಗೆ ನಿನ್ನೆಯಿಂದ ವಾಂತಿ, ಭೇದಿ. ಆರು ವರ್ಷದ ಕೂಸು, ಕಣ್ಣು ಒಳಗೆ ಹೋಗಿವೆ. ಮಾಂಸ ಕೆಟ್ಟಿತ್ತು ಅಂದರು ಡಾಕ್ಟರ್.

ಸಂಜು ನಾಲ್ಕು ಜನರ ಮುಂದೆ ಕೂಗಾಡಿದ. “ನೌಕರಿ ಮಾಡಾಕಿ! ಮಗಳಿಗೆ ತಿಂಗಳ ಹಿಂದಿನ ಹಳಸಿದ್ದು ತಿನಸ್ತಿ! ಸಾಕು, ನೌಕರಿ ಬಿಡು.”

ಅತ್ತೆ ಅಲ್ಲೇ ಕೂತಿದ್ದಳು. ಭಾಗ್ಯಾಳ ಕಾಲು ಒತ್ತುತ್ತಾ.

1 ಸೆಪ್ಟೆಂಬರ್

ರಾಜೀನಾಮೆ ಬರೆದೆ. ಎಂಟು ವರ್ಷದ ನೌಕರಿ, ಮೂರು ಸಾಲು. ವಾಸನೆ ಬಂದಿತ್ತು. ನನ್ನ ಮೂಗಿಗೇ ಬಂದಿತ್ತು. ಥೂ, ನನ್ನ ಜನ್ಮಕ್ಕೆ.

3 ಸೆಪ್ಟೆಂಬರ್, ಮಧ್ಯಾಹ್ನ

ಭಾಗ್ಯಾ ಮನೆಗೆ ಬಂದಳು. ಗಂಜಿ ಕುಡಿದಳು. ಉಳಿದ ನಾಲ್ಕು ಪೊಟ್ಟಣ ಎಸೆಯಲು ಫ್ರೀಜರ್ ತೆಗೆದೆ. ಅವು ಚಪ್ಪಟೆಯಾಗಿರಲಿಲ್ಲ. ಒಂದಕ್ಕೊಂದು ಅಂಟಿ ಒಂದೇ ಉಂಡೆ. ಕೆಳಗೆ ಕೆಂಪು ನೀರು ಗಡ್ಡೆ ಕಟ್ಟಿದೆ. ಪೇಪರ್ ಒಂದೂ ಇಲ್ಲ. ಕರಗಿದೆ, ಮತ್ತೆ ಗಟ್ಟಿಯಾಗಿದೆ. ಒಂದು ಸಲ ಅಲ್ಲ. ಪ್ರತಿ ಗುರುವಾರ ಕರೆಂಟ್ ಹೋದರೂ, ಬಾಗಿಲು ಮುಚ್ಚಿದ್ದರೆ ಹೀಗೆ ಆಗುವುದಿಲ್ಲ.

ಭಾಗ್ಯಾ ಹಾಸಿಗೆಯಿಂದಲೇ ಹೇಳಿದಳು. ಶ್ರಾವಣ ಸೋಮವಾರ ಅರ್ಧ ದಿನ ಶಾಲೆ, ಬೇಗ ಬರುತ್ತಿದ್ದಳು. “ಆಯಿ ಪೂಜಾ ಮುಗಿಯೂತನಕಾ ಅವನ್ನ ಗ್ಯಾಲರಿ ಬಿಸಲಾಗ ಇಡ್ತಿದ್ಲು, ಮಮ್ಮಿ.”

ನಾಲ್ಕು ಸೋಮವಾರ!

ಹೋಗಿ ಅತ್ತೆಯನ್ನು ಕೇಳಿದೆ. ಕೂಗಿಯೇ ಕೇಳಿದೆ. ಕೆಳಗಿನ ಮನೆಯವರಿಗೂ ಕೇಳಿರಬೇಕು.

“ನಾ ಏನ ಒಗದೇನೇನವಾ? ತಿರಗಿ ಒಳಗ ಇಟ್ಟೇನಲ್ಲ!” ಅಂದಳು. “ಆ ಸೋಮವಾರದ ಉಪಾಸನೂ ನಿನ್ನ ಮಗಳ ಸಲುವಾಗೇ ಹಿಡದಿದ್ದೆ.”

ಅದೇ ದಿನ, ಸಂಜೆ

ಸಂಜುಗೆ ಎಲ್ಲಾ ಹೇಳಿದೆ. ಶರ್ಟ್ ಬಿಚ್ಚುತ್ತಾ, “ಮುದುಕಿ, ಗೊತ್ತಿರಲಿಲ್ಲ ಅಕಿಗೆ. ಬಿಡು” ಅಂದ.

ಅಷ್ಟೇ. ನಾನಾದರೆ ನೌಕರಿ ಬಿಡು. ಅವನ ತಾಯಿಯಾದರೆ ಮಾತು ಬಿಡು. ಇನ್ನೂ ಕೊಟ್ಟಿರದ ರಾಜೀನಾಮೆಯನ್ನು ಅವನ ಕಣ್ಣೆದುರೇ ಹರಿದೆ. ಚೂರುಗಳನ್ನು ಅವನ ಚಹಾದ ಬಟ್ಟಲ ಪಕ್ಕ ಇಟ್ಟೆ. “ನಾಳಿಂದ ಆಫೀಸಿಗೆ ಹೊಂಟೀನ್ರಿ” ಅಂದೆ.

ಅತ್ತೆ ಭಾನುವಾರದಿಂದ ಉಂಡಿಲ್ಲವಂತೆ. ಉಣ್ಣದಿದ್ದರೆ ಬಿಡಲಿ! ನಾನಂತೂ ತಾಟು ಹಚ್ಚಿ ಕರೆಯುವವಳಲ್ಲ.

ಈಗಷ್ಟೇ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

“ತ್ರಿವೇಣಿ, ಎಷ್ಟ ಹೊತ್ತ ಹೊರಗ ಇಟ್ರ ಅದು ಕೆಡತದ?”

ಇನ್ನೂ ನಿಂತಿದ್ದಾಳೆ. ಏನು ಹೇಳಲಿ? ಫ್ರಿಜ್ ತಂದು ಮೂರು ವರ್ಷ ಆಯಿತು. ನಮ್ಮ ಆಫೀಸಿನ ಹುಡುಗಿಯರಿಗೆಲ್ಲಾ ಇದನ್ನು ಹೇಳಿಕೊಟ್ಟಿದ್ದೇನೆ. ಈಕೆಗೆ ಮಾತ್ರ ನಾನು ಒಂದು ಸಲವೂ...